ಸಣ್ಣಜ್ಜನ ತಾಟು ಮತ್ತು ಹೈದರಾಬಾದಿನ ಸಮ್ಮೇಳನ

ರಾಯಚೂರಿಗೆ ಏಮ್ಸ್ ಬೇಕು ಅಂತ 2022ರ ಮೇ ತಿಂಗಳಲ್ಲಿ ಶುರುವಾದ ಧರಣಿ ಸಾವಿರ ದಿನ ದಾಟಿದ್ದು ನಿಮಗೆ ಗೊತ್ತಿರಬಹುದು. ನಾನು ಹೋರಾಟಗಾರನೇನಲ್ಲ. ಗುತ್ತಿಗೆ ನೌಕರ, ಬಾಯಿ ಮುಚ್ಕೊಂಡು ಇರೋದೇ ನಮಗೆ ಕ್ಷೇಮ. ಆದರೂ ಜಿಲ್ಲಾ ಕೇಂದ್ರಕ್ಕೆ ಮೀಟಿಂಗಿಗೆ ಹೋದಾಗ ಒಂದೆರಡು ಸಲ ಆ ಟೆಂಟಿನ ಹತ್ತಿರ ನಿಂತು ಚಹಾ ಕುಡಿದಿದ್ದೇನೆ. ಒಮ್ಮೆ ಪಕ್ಕದಲ್ಲಿದ್ದ ಹಿರಿಯರೊಬ್ಬರು ಕೇಳಿದರು: "ತಮ್ಮಾ, ಏಮ್ಸ್ ಬಂದ್ರ ಖರೇನ ಏನ್ ಬರ್ತದ? ದವಾಖಾನಿ ಈಗೂ ಅದಾವಲ್ಲ?" ಸುತ್ತ ಇದ್ದವರು ಒಬ್ಬೊಬ್ಬರು ಒಂದೊಂದು ಹೇಳಿದರು. ಹಾರ್ಟ್ ಆಪರೇಷನ್ ಇಲ್ಲೇ ಆಗುತ್ತೆ, ಕ್ಯಾನ್ಸರಿಗೆ ಹೈದರಾಬಾದಿಗೆ ಓಡೋದು ತಪ್ಪುತ್ತೆ, ಹುಡುಗರಿಗೆ ನೌಕರಿ ಸಿಗುತ್ತೆ, ಪ್ಲಾಟಿಗೆ ರೇಟು ಬರುತ್ತೆ. ನಾನು ಸುಮ್ನಿರಲಾರದೆ "ಸಂಶೋಧನೆ ಬರ್ತದ್ರಿ" ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸಂಶೋಧನಿ ರೊಟ್ಟಿಗೆ ಹಚ್ಕೊಂಡು ತಿನ್ನೋಣೇನು?" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಆದರೆ ಆ ಮಾತು ಬಸ್ಸಿನಲ್ಲಿ ವಾಪಸ್ ಬರುವಾಗಲೂ ತಲೇಲೇ ಇತ್ತು. ಯಾಕಂದ್ರೆ ರೊಟ್ಟಿಗೂ ಸಂಶೋಧನೆಗೂ ನಿಜವಾಗಲೂ ಸಂಬಂಧ ಇದೆ. ಅದನ್ನು ಆವತ್ತು ಹೇಳೋಕೆ ಆಗಲಿಲ್ಲ, ಇಲ್ಲಿ ಹೇಳ್ತೀನಿ. ಸ್ವಲ್ಪ ಉದ್ದ ಆಗುತ್ತೆ.

ಮೊದಲು ನನ್ನ ಕೆಲಸ ಹೇಳಿಬಿಡ್ತೀನಿ. ನಾನು ತಾಲೂಕು ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕಫ ಪರೀಕ್ಷೆ ಮಾಡೋನು. ಕೆಮ್ಮು ಅಂತ ಬಂದವರ ಕೈಗೆ ಡಬ್ಬಿ ಕೊಡೋದು, ಅವರು ತಂದ ಕಫವನ್ನು ಕಡ್ಡಿಯಿಂದ ಗಾಜಿನ ಸ್ಲೈಡಿನ ಮೇಲೆ ತೆಳ್ಳಗೆ ಸವರಿ ಒಣಗಿಸೋದು, ಮೇಲೆ ಫುಕ್ಸಿನ್ ಅನ್ನೋ ಕೆಂಪು ಬಣ್ಣ ಸುರಿದು ಕೆಳಗಿನಿಂದ ಹಬೆ ಏಳೋವರೆಗೆ ಕಾಯಿಸೋದು, ಆಮೇಲೆ ಆಸಿಡ್‌ನಿಂದ ತೊಳೆದು ನೀಲಿ ಬಣ್ಣ ಹಾಕೋದು. ಟಿಬಿ ಬ್ಯಾಕ್ಟೀರಿಯಾದ ಮೈಮೇಲೆ ಮೇಣದಂಥ ಪದರ ಇರುತ್ತೆ, ಒಮ್ಮೆ ಹೀರಿಕೊಂಡ ಕೆಂಪನ್ನು ಅದು ಆಸಿಡ್ ಸುರಿದರೂ ಬಿಡಲ್ಲ. ಮಿಕ್ಕಿದ್ದೆಲ್ಲ ನೀಲಿ, ನಡುವೆ ಸಣ್ಣ ಸಣ್ಣ ಕೆಂಪು ಕಡ್ಡಿಗಳು. ನೋಡೋಕೆ ಚಂದ ಅಂತ ಹೇಳಿದರೆ ತಪ್ಪಾಗುತ್ತೆ, ಆದರೆ ಚಂದವೇ. ಈಗ ಗೋವಾದಲ್ಲಿ ತಯಾರಾಗುವ ಟ್ರೂನಾಟ್ ಯಂತ್ರ ಬಂದಿದೆ, ಗಂಟೆಯೊಂದರಲ್ಲಿ ಜೀನ್ ನೋಡಿ ಹೇಳುತ್ತೆ. ಅದೂ ನಮ್ಮ ದೇಶದ್ದೇ, 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಕೊಂಡದ್ದು. ಆದರೂ ಮೈಕ್ರೋಸ್ಕೋಪು ಮೂಲೆಗೆ ಹೋಗಿಲ್ಲ.

2019ರಲ್ಲಿ ಪರಿಚಯದವರೊಬ್ಬರು ಹೈದರಾಬಾದಿನಲ್ಲಿ ನಡೆಯೋ ಶ್ವಾಸಕೋಶ ಆರೋಗ್ಯದ ವಿಶ್ವ ಸಮ್ಮೇಳನಕ್ಕೆ ಒಂದು ದಿನದ ಪಾಸ್ ಕೊಡಿಸಿದರು. ಕ್ಷಯರೋಗದ ವಿರುದ್ಧ ಕೆಲಸ ಮಾಡೋ ಅಂತರರಾಷ್ಟ್ರೀಯ ಒಕ್ಕೂಟದ್ದು, ಅದು 50ನೇ ಸಮ್ಮೇಳನ, ಅಕ್ಟೋಬರ್ 30ರಿಂದ ನವೆಂಬರ್ 2ರವರೆಗೆ. ದೀಪಾವಳಿ ಮುಗಿದು ಮೂರೇ ದಿನ ಆಗಿತ್ತು. ಆಗ ತೆಲಂಗಾಣದಲ್ಲಿ ಸಾರಿಗೆ ನೌಕರರ ಮುಷ್ಕರ ನಡೀತಿತ್ತು, ನಮ್ಮ ಕರ್ನಾಟಕದ ಬಸ್ಸಿಗೇ ಎಲ್ಲರೂ ನುಗ್ಗಿದ್ದರು. ಶಕ್ತಿನಗರ ದಾಟಿ ಕೃಷ್ಣಾ ಸೇತುವೆ, ಮಕ್ತಲ್, ಮೆಹಬೂಬ್‌ನಗರ, ಅಲ್ಲೀವರೆಗೂ ಬಾಗಿಲ ಮೆಟ್ಟಿಲ ಹತ್ತಿರ ನಿಂತೇ ಹೋದೆ. ಜಡ್ಚರ್ಲಾದಲ್ಲಿ ಸೀಟು ಸಿಕ್ಕಿತು. ಕೈಲಿ ಮನೆಯಿಂದ ತಂದ ರೊಟ್ಟಿ, ಶೇಂಗಾ ಹಿಂಡಿ. ಜಾಗತಿಕ ವೈದ್ಯಕೀಯ ಸಮ್ಮೇಳನಕ್ಕೆ ಹೋಗೋ ಲಕ್ಷಣವಾ ಇದು ಅಂತ ನನಗೇ ನಗು ಬಂತು.

ಒಳಗೆ ಹೋದಮೇಲೆ ಮೊದಲು ಗಮನಕ್ಕೆ ಬಂದದ್ದು ಚಳಿ. ಎಸಿ ಅಷ್ಟು ಜೋರು. ಎರಡನೇದು, ಎಲ್ಲರ ಕೊರಳಲ್ಲೂ ಬಿಲ್ಲೆ. ಅದರಲ್ಲಿ ಹೆಸರಿಗಿಂತ ದೇಶದ ಹೆಸರನ್ನೇ ಮೊದಲು ಓದ್ತಿದ್ದೆ. ಕೀನ್ಯಾ, ಪೆರು, ವಿಯೆಟ್ನಾಂ, ಜಾಂಬಿಯಾ. ಒಂದು ದೊಡ್ಡ ಹಾಲಿನಲ್ಲಿ ಭಾಷಣ, ಪರದೆ ಮೇಲೆ ಗ್ರಾಫು, ಅರ್ಧ ಅರ್ಥ ಆಯಿತು. ಅರ್ಧ ನಿದ್ದೆ, ರಾತ್ರಿ ಬಸ್ಸಿನ ನಿದ್ದೆ ಅಂತ ತಿಳ್ಕೊಳ್ಳಿ.

ಆದರೆ ಚಹಾದ ಹೊತ್ತಿನಲ್ಲಿ ಆದದ್ದು ಮರೆಯಲ್ಲ. ಕಪ್ಪು ಹಿಡಿದು ನಿಂತಿದ್ದೆ, ಪಕ್ಕದಲ್ಲಿ ಜಾಂಬಿಯಾದ ಒಬ್ಬರು. ಅವರು ಸಕ್ಕರೆ ಪೊಟ್ಟಣ ಹರಿಯುವಾಗ ಅವರ ಹೆಬ್ಬೆರಳು ಕಂಡಿತು. ಉಗುರಿನ ಸಂದಿಯಲ್ಲಿ ಕೆಂಪು. ಮೆಹೆಂದಿ ಅಲ್ಲ, ಫುಕ್ಸಿನ್. ಆ ಕೆಂಪು ನನಗೆ ನಿದ್ದೇಲೂ ಗುರುತು ಸಿಗುತ್ತೆ, ಸೋಪು, ನಿಂಬೆಹಣ್ಣು, ಸ್ಪಿರಿಟ್ಟು ಯಾವುದಕ್ಕೂ ಪೂರ್ತಿ ಹೋಗಲ್ಲ. ನಾನು ಏನೂ ಹೇಳದೆ ನನ್ನ ಹೆಬ್ಬೆರಳು ತೋರಿಸಿದೆ. ಅವರು ನೋಡಿದರು, ಜೋರಾಗಿ ನಕ್ಕರು, ಬೆನ್ನಿಗೆ ಒಂದು ಏಟು ಬಿತ್ತು. ನನ್ನ ಹರುಕು ಮುರುಕು ಇಂಗ್ಲಿಷಿನಲ್ಲೇ ಅರ್ಧ ಗಂಟೆ ಮಾತಾಡಿದೆವು. ಅವರ ಕಷ್ಟವೂ ಅದೇ. ಕರೆಂಟ್ ಹೋಗುತ್ತೆ, ಕಫ ಅಂತ ಎಂಜಲು ತಂದು ಕೊಡ್ತಾರೆ, ಊರು ಬಿಟ್ಟು ದುಡಿಯೋಕೆ ಹೋದವರು ಮಾತ್ರೆ ನಿಲ್ಲಿಸ್ತಾರೆ. ಎಂಜಲಿನ ಕಥೆ ಕೇಳಿ ನನಗೆ ಎಷ್ಟು ಸಮಾಧಾನ ಆಯಿತು ಅಂದ್ರೆ, ಇದು ನಮ್ಮ ದೇವದುರ್ಗ, ಲಿಂಗಸುಗೂರಿನವರದ್ದು ಮಾತ್ರ ಅಲ್ಲ.

ಇಂಥ ಸಮ್ಮೇಳನಗಳಿಂದ ಏನು ಉಪಯೋಗ ಅಂತ ಕೇಳೋರಿಗೆ ಎರಡು ಉದಾಹರಣೆ ಹೇಳ್ತೀನಿ, ಎರಡೂ ಅದೇ ಹೈದರಾಬಾದಿನವು. ಒಂದು, ಎಂ72 ಅನ್ನೋ ಹೊಸ ಟಿಬಿ ಲಸಿಕೆಯ ಫಲಿತಾಂಶ. ಆಫ್ರಿಕಾದ ಮೂರು ದೇಶಗಳ ಸುಮಾರು ಮೂರೂವರೆ ಸಾವಿರ ಜನರ ಮೇಲೆ ಮೂರು ವರ್ಷ ನೋಡಿದ್ದು. ಸೋಂಕು ಒಳಗಿದ್ದೂ ಇನ್ನೂ ಕಾಯಿಲೆ ಬೀಳದ ವಯಸ್ಕರಲ್ಲಿ, ಆ ಲಸಿಕೆ ಹಾಕಿಸಿಕೊಂಡವರ ಪೈಕಿ ಕಾಯಿಲೆ ಬೀಳೋರ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿದಿತ್ತು. ಅರ್ಧ ಅಂದ್ರೆ ಕಡಿಮೆ ಅನ್ನಿಸಬಹುದು. ಮಕ್ಕಳಿಗೆ ಹಾಕೋ ಹಳೇ ಟಿಬಿ ಲಸಿಕೆ ಬಿಸಿಜಿ ಬಂದು ನೂರು ವರ್ಷ ಆದರೂ ದೊಡ್ಡವರ ಶ್ವಾಸಕೋಶದ ಟಿಬಿಗೆ ನೆಚ್ಚಿಕೊಳ್ಳುವಂಥ ಲಸಿಕೆ ಒಂದೂ ಇಲ್ಲ, ಅದನ್ನು ನೆನೆಸಿಕೊಂಡರೆ ಅರ್ಧ ದೊಡ್ಡದೇ. ಇನ್ನೊಂದು, ರಿಫಾಪೆಂಟಿನ್ ಅನ್ನೋ ಔಷಧದ ಬೆಲೆ. ಟಿಬಿ ರೋಗಿಯ ಮನೆಯವರಿಗೆ ಕಾಯಿಲೆ ಬರದಂತೆ ವಾರಕ್ಕೊಮ್ಮೆ, ಹನ್ನೆರಡು ವಾರ ಕೊಡೋ ಮಾತ್ರೆ ಇದು. ಒಂದು ಕೋರ್ಸಿಗೆ ಸುಮಾರು 45 ಡಾಲರ್ ಇದ್ದದ್ದು ಬಡ ದೇಶಗಳ ಸರ್ಕಾರಿ ಖರೀದಿಗೆ 15 ಡಾಲರಿಗೆ ಇಳೀತು ಅಂತ ಆ ಸಮ್ಮೇಳನದಲ್ಲೇ ಘೋಷಣೆ ಆಯಿತು. ಜಗತ್ತಿನ ಕಣ್ಣೆಲ್ಲ ಒಂದೇ ಕಡೆ ಇರುವಾಗ ಕಂಪನಿಗಳ ಕೈ ಸ್ವಲ್ಪ ಸಡಿಲ ಆಗುತ್ತೆ, ಅಲ್ವಾ? ಈಗ ನಮ್ಮ ದೇಶದ ಕಾರ್ಯಕ್ರಮದಲ್ಲೂ ಆ ಕೋರ್ಸ್ ಸೇರಿದೆ.

ಭಾರತಕ್ಕೆ ಈ ಸಮ್ಮೇಳನ ಯಾಕೆ ಬಂತು ಅಂತ ಹೆಮ್ಮೆಯಿಂದ ಬೀಗೋ ಮೊದಲು ಒಂದು ಮಾತು. ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮವರೇ. ಮದುವೆ ಮನೆ ಎಲ್ಲಿದೆಯೋ ಊಟದ ಪಂಕ್ತಿ ಅಲ್ಲೇ ತಾನೇ. ಆದರೆ ಅದೊಂದೇ ಕಾರಣ ಅಲ್ಲ. ಇದೇ ಒಕ್ಕೂಟದ ಸಮ್ಮೇಳನ 1957ರ ಜನವರಿಯಲ್ಲೇ ದೆಹಲಿಯಲ್ಲಿ ನಡೆದಿತ್ತು. ಆ ಹೊತ್ತಿಗೆ ಮದ್ರಾಸಿನಲ್ಲಿ ಒಂದು ಪ್ರಯೋಗ ಶುರುವಾಗಿತ್ತು, ಇಡೀ ಜಗತ್ತಿನ ಟಿಬಿ ಚಿಕಿತ್ಸೆಯನ್ನು ತಲೆಕೆಳಗೆ ಮಾಡಿದ ಪ್ರಯೋಗ. ಅದನ್ನು ಹೇಳಬೇಕಂದ್ರೆ ನಮ್ಮ ಸಣ್ಣಜ್ಜನಿಂದ ಶುರು ಮಾಡಬೇಕು.

ಸಣ್ಣಜ್ಜ ಅಂದ್ರೆ ನಮ್ಮ ಅಜ್ಜನ ತಮ್ಮ. ಸಿರುಗುಪ್ಪದ ಕಡೆ, ತುಂಗಭದ್ರೆಯ ಆ ದಂಡೆ. ಅವರು ಹುಡುಗರಾಗಿದ್ದಾಗ ಬಳ್ಳಾರಿ ಜಿಲ್ಲೆ ಇನ್ನೂ ಮದ್ರಾಸಿಗೇ ಸೇರಿತ್ತು, ನಾವಿರೋ ರಾಯಚೂರು ನಿಜಾಮನ ಹೈದರಾಬಾದಿಗೆ. ಹೊಳೆ ದಾಟಿದರೆ ಬೇರೆ ರಾಜ್ಯ. ಅವರಿಗೆ ಕ್ಷಯ ಬಂತು. ಬಳ್ಳಾರಿಯ ವೆಲ್ಲೆಸ್ಲಿ ಸ್ಯಾನಿಟೋರಿಯಂಗೆ, ಅಂದ್ರೆ ಕ್ಷಯರೋಗಿಗಳನ್ನು ಇಟ್ಟುಕೊಳ್ಳೋ ಆಸ್ಪತ್ರೆಗೆ, ಸೇರಿಸಿದರಂತೆ. ಆ ಕಾಲದ ಚಿಕಿತ್ಸೆ ಅಂದ್ರೆ ಹಾಸಿಗೆ, ಗಾಳಿ, ಹಾಲು, ಮೊಟ್ಟೆ, ಮತ್ತೆ ಮನೆಯವರಿಂದ ದೂರ. ವರ್ಷದ ಮೇಲೆ ಅಲ್ಲಿದ್ದು ಬದುಕಿ ಬಂದರು. ಬದುಕಿ ಬಂದ ಮೇಲೂ ಅವರ ತಾಟು ಮಾತ್ರ ಬೇರೆ. ನಾನು ಸಣ್ಣವನಿದ್ದಾಗ ನೋಡಿದ್ದೇನೆ: ಕೊಟ್ಟಿಗೆ ಗೋಡೆಯ ಮೊಳೆಗೆ ನೇತುಹಾಕಿದ ಅಲ್ಯೂಮಿನಿಯಂ ತಾಟು, ಅಂಚಿಗೆ ಒಂದು ತೂತು ಕೊರೆದು ಸುತಳಿ ಕಟ್ಟಿದ್ದು, ನಡುವೆ ತಗ್ಗು. ಗುಣವಾಗಿ ಮೂವತ್ತು ವರ್ಷ ದಾಟಿದ್ದರೂ ಅವರು ತಾವೇ ಆ ತಾಟು ಇಳಿಸಿಕೊಂಡು, ತಾವೇ ತೊಳೆದು, ತಾವೇ ಮತ್ತೆ ನೇತುಹಾಕ್ತಿದ್ದರು. ಯಾರೂ ಹಾಗೆ ಮಾಡು ಅಂತ ಹೇಳ್ತಿರಲಿಲ್ಲ. ಬೇಡ ಅಂತಲೂ ಹೇಳ್ತಿರಲಿಲ್ಲ.

ಈಗ ಮದ್ರಾಸಿಗೆ ಬರೋಣ. 1950ರ ದಶಕದಲ್ಲಿ ನಮ್ಮಲ್ಲಿ ಟಿಬಿ ರೋಗಿಗಳು ಲಕ್ಷಗಟ್ಟಲೆ, ಸ್ಯಾನಿಟೋರಿಯಂ ಹಾಸಿಗೆಗಳು ಸಾವಿರದ ಲೆಕ್ಕದಲ್ಲಿ. ಎಲ್ಲರಿಗೂ ಹಾಸಿಗೆ ಕೊಡ್ತೀವಿ ಅನ್ನೋದು ಕನಸು. ಮಾತ್ರೆಗಳು ಹೊಸದಾಗಿ ಬಂದಿದ್ದವು. ಆಗ ಒಂದು ಸರಳ ಪ್ರಶ್ನೆ ಹುಟ್ಟಿತು: ಮಾತ್ರೆ ಇದ್ದರೆ ಹಾಸಿಗೆ ಯಾಕೆ ಬೇಕು? ಮದ್ರಾಸ್ ಸರ್ಕಾರ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್), ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ನಾಲ್ಕೂ ಸೇರಿ 1956ರಲ್ಲಿ ಒಂದು ಕೇಂದ್ರ ತೆರೆದವು. ವ್ಯಾಲೇಸ್ ಫಾಕ್ಸ್ ಅನ್ನೋ ಬ್ರಿಟಿಷ್ ವೈದ್ಯರು ಮುಂದೆ ನಿಂತಿದ್ದರು. ನಗರದ ಬಡ ಬಡಾವಣೆಗಳಿಂದ 193 ರೋಗಿಗಳು. ಯಾರು ಮನೆಯಲ್ಲಿ, ಯಾರು ಸ್ಯಾನಿಟೋರಿಯಂನಲ್ಲಿ ಅಂತ ಚೀಟಿ ಎತ್ತಿದ ಹಾಗೆ ಹಂಚಿದರು. ಇಬ್ಬರಿಗೂ ಅದೇ ಎರಡು ಔಷಧ, ಐಸೋನಿಯಾಜಿಡ್ ಮತ್ತು ಪಿಎಎಸ್, ಒಂದು ವರ್ಷ.

ಮನೆಯಲ್ಲಿದ್ದ ರೋಗಿಗಳು ಮಾತ್ರೆ ನುಂಗ್ತಾರಾ ಇಲ್ವಾ ಅಂತ ನೋಡೋಕೆ ಹೇಳದೆ ಕೇಳದೆ ಮನೆಗೆ ಹೋಗಿ ಮೂತ್ರ ಪರೀಕ್ಷೆ ಮಾಡ್ತಿದ್ದರು, ಉಳಿದ ಮಾತ್ರೆ ಎಣಿಸ್ತಿದ್ದರು. ಈ ವಿವರ ಓದಿದಾಗ ನನಗೆ ಆ ಕೆಲಸಗಾರರ ಮೇಲೆ ಪ್ರೀತಿ ಉಕ್ಕಿತು. ಸುಡು ಬಿಸಿಲಲ್ಲಿ ಗುಡಿಸಲಿಂದ ಗುಡಿಸಲಿಗೆ ಬಾಟ್ಲಿ ಹಿಡಿದು ಅಲೆದವರು. ಯಾರೂ ಅವರ ಹೆಸರು ಹೇಳಲ್ಲ.

1959ರಲ್ಲಿ ಫಲಿತಾಂಶ ಬಂತು. ಸ್ಯಾನಿಟೋರಿಯಂನವರು ಒಳ್ಳೆ ಊಟ ಮಾಡಿದ್ದರು, ವಿಶ್ರಾಂತಿ ತಗೊಂಡಿದ್ದರು, ತೂಕವೂ ಜಾಸ್ತಿ ಬಂದಿತ್ತು. ಮನೆಯಲ್ಲಿದ್ದ ರೋಗಿಗಳು ಇಕ್ಕಟ್ಟಿನ ಜಾಗದಲ್ಲಿ, ಕಡಿಮೆ ಊಟದಲ್ಲಿ, ಎಷ್ಟೋ ಜನ ದುಡೀತಾನೇ ಮಾತ್ರೆ ನುಂಗಿದ್ದರು. ಗುಣ ಆಗೋದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಇನ್ನೂ ದೊಡ್ಡ ವಿಷಯ, ರೋಗಿ ಮನೆಯಲ್ಲೇ ಇದ್ದ ಕಾರಣಕ್ಕೆ ಮನೆಯವರಿಗೆ ಟಿಬಿ ಹೆಚ್ಚು ಅಂಟಲಿಲ್ಲ. ಅಂಟೋದೆಲ್ಲ ಬಹುಪಾಲು ರೋಗ ಪತ್ತೆ ಆಗೋ ಮೊದಲೇ ಅಂಟಿರುತ್ತೆ, ಮಾತ್ರೆ ಶುರುವಾದ ಮೇಲೆ ಹರಡೋದು ಬೇಗ ಕಡಿಮೆ ಆಗುತ್ತೆ. ನಿಧಾನಕ್ಕೆ ಜಗತ್ತಿನಾದ್ಯಂತ ಸ್ಯಾನಿಟೋರಿಯಂಗಳು ಬಾಗಿಲು ಹಾಕಿದವು, ಶ್ರೀಮಂತ ದೇಶಗಳಲ್ಲೂ.

ಅಂದ್ರೆ ಸಣ್ಣಜ್ಜನ ತಾಟು ಮೊಳೆಗೆ ನೇತಾಡ್ತಿದ್ದ ಅಷ್ಟೂ ವರ್ಷ, ಅದು ಬೇಕಿಲ್ಲ ಅನ್ನೋದಕ್ಕೆ ಪುರಾವೆ ಮದ್ರಾಸಿನಲ್ಲಿ ಅಚ್ಚಾಗಿ ಕೂತಿತ್ತು. ಸಿರುಗುಪ್ಪಕ್ಕೆ ಬರಲಿಲ್ಲ, ಅಷ್ಟೇ.

ಇನ್ನೊಂದು ಪ್ರಯೋಗ ನಮ್ಮ ಕರ್ನಾಟಕದ್ದೇ. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ವಿಳಾಸ ಎಲ್ಲಿ ಗೊತ್ತಾ? ಬಳ್ಳಾರಿ ರಸ್ತೆ. ಆ ರಸ್ತೆ ಹಿಡಿದು ಹೋದರೆ ಬಳ್ಳಾರಿಗೇ ಬರಬೇಕು, ಬರುತ್ತೆ ಕೂಡ, ಸ್ವಲ್ಪ ತಡವಾಗಿ. ಅಲ್ಲಿನ ಬ್ಯಾನರ್ಜಿ ಮತ್ತು ಆಂಡರ್ಸನ್ ಇಬ್ಬರೂ ಸೇರಿ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಟಿಬಿ ಇದ್ದವರನ್ನು ಹುಡುಕಿ ಮಾತಾಡಿಸಿದರು. ಆಗ ದೊಡ್ಡವರೆಲ್ಲ ಹೇಳ್ತಿದ್ದದ್ದು ಈಗಿನವರು ಹೇಳೋದೇ: ಹಳ್ಳಿ ಜನಕ್ಕೆ ತಿಳುವಳಿಕೆ ಇಲ್ಲ, ಕಾಯಿಲೆ ಬಂದರೂ ಆಸ್ಪತ್ರೆಗೆ ಬರಲ್ಲ. 1963ರಲ್ಲಿ ಇವರು ಅಚ್ಚು ಹಾಕಿಸಿದ್ದು ಏನಂದ್ರೆ, ಟಿಬಿ ಲಕ್ಷಣ ಬಹಳಷ್ಟು ಜನರಿಗೆ ಗೊತ್ತಾಗಿತ್ತು, ಅರ್ಧಕ್ಕಿಂತ ಜಾಸ್ತಿ ಜನ ಆಸ್ಪತ್ರೆಗೂ ಹೋಗಿದ್ದರು. ಅಲ್ಲಿ ಅವರಿಗೆ ಕೆಮ್ಮಿನ ಔಷಧದ ಬಾಟ್ಲಿ ಕೊಟ್ಟು ಕಳಿಸಿದ್ದರು! ತಿಳುವಳಿಕೆ ಇಲ್ಲದಿದ್ದದ್ದು ಯಾರಿಗೆ ಹೇಳಿ.

ಹಾಗಾದರೆ ಎಕ್ಸ್‌ರೇ ವ್ಯಾನು ತಗೊಂಡು ಊರೂರು ತಿರುಗೋದಕ್ಕಿಂತ, ಕೆಮ್ಮು ಅಂತ ತಾವಾಗೇ ಬಾಗಿಲಿಗೆ ಬಂದವರ ಕಫ ಅಲ್ಲೇ ನೋಡಿಬಿಡಿ ಅನ್ನೋ ದಾರಿ ತೆರೀತು. ಅದು ಅಚ್ಚಾಗೋ ಮೊದಲೇ, 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಆ ದಾರೀಲೇ ಕಟ್ಟಿದ್ದು. ಸಣ್ಣ ಊರಿನ ಆಸ್ಪತ್ರೇಲೂ ಒಂದು ಮೈಕ್ರೋಸ್ಕೋಪು, ಒಬ್ಬ ಕಫ ನೋಡೋನು. ನನ್ನ ಕುರ್ಚಿ, ಅದರ ಹರಿದ ರೆಕ್ಸಿನ್ನು ಸಮೇತ, ಆ ಸಂಶೋಧನೆಯ ಫಲ. ನಾನು ಏಮ್ಸ್ ಟೆಂಟಿನಲ್ಲಿ ಇದನ್ನು ಹೇಳಬೇಕಿತ್ತು.

ನಮ್ಮ ದೇಶದ ಸಂಶೋಧನೆಯ ಶಕ್ತಿ ಅಂದ್ರೆ ನನ್ನ ಲೆಕ್ಕದಲ್ಲಿ ಇದು. ದುಡ್ಡಿಲ್ಲ, ಹಾಸಿಗೆ ಇಲ್ಲ, ಸಲೈನ್ ಇಲ್ಲ, ಈಗ ಏನು ಮಾಡೋದು ಅಂತ ಕೇಳಿಕೊಂಡಾಗ ಹುಟ್ಟಿದ ಉತ್ತರಗಳು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಬಂದಾಗ ಸಲೈನ್ ಮುಗಿದು ಹೋಗಿ, ದಿಲೀಪ್ ಮಹಲನಬಿಸ್ ಅನ್ನೋ ವೈದ್ಯರು ನೀರಿಗೆ ಉಪ್ಪು, ಗ್ಲೂಕೋಸ್, ಅಡಿಗೆ ಸೋಡಾ ಕಲಸಿ ಡ್ರಮ್ಮುಗಳಲ್ಲಿಟ್ಟು ಕುಡಿಸಿದರು. ಮೂವತ್ತರ ಹತ್ತಿರ ಇದ್ದ ಸಾವಿನ ಶೇಕಡಾ ಪ್ರಮಾಣ ನಾಲ್ಕಕ್ಕಿಂತ ಕೆಳಗೆ ಬಂತು. ಇವತ್ತು ಬೇಸಿಗೇಲಿ ವಾಂತಿ ಭೇದಿ ಅಂತ ಬಂದವರ ಕೈಗೆ ನಾವು ಕೊಡೋ ಓಆರ್‌ಎಸ್ ಪೊಟ್ಟಣದ ಹಿಂದೆ ಆ ಡ್ರಮ್ಮು ಇದೆ. ಅವರಿಗೆ ಪದ್ಮವಿಭೂಷಣ ಸಿಕ್ಕಿದ್ದು 2023ರಲ್ಲಿ, ತೀರಿಕೊಂಡ ಮೇಲೆ. ನಮ್ಮಲ್ಲಿ ಹಾಗೇನೇ.

ಏಮ್ಸ್ ಬಂದ್ರೆ ಏನು ಬರುತ್ತೆ ಅಂದ್ರಲ್ಲ, ಅದಕ್ಕೆ ನೇರ ಉತ್ತರ ರೋಟಾವ್ಯಾಕ್ ಅನ್ನೋ ಲಸಿಕೆ. 1980ರ ದಶಕದಲ್ಲಿ ದೆಹಲಿ ಏಮ್ಸ್‌ನ ನವಜಾತ ಶಿಶುಗಳ ವಾರ್ಡಿನಲ್ಲಿ ಕೂಸುಗಳಿಗೆ ಭೇದಿ ತರೋ ರೋಟಾ ವೈರಸ್ ತಗುಲಿತ್ತು, ಆದರೆ ಭೇದಿ ಆಗಿರಲಿಲ್ಲ. ಬೇರೆಯವರಾಗಿದ್ದರೆ "ಸರಿ, ಚೆನ್ನಾಗಿವೆ" ಅಂತ ಮನೆಗೆ ಕಳಿಸ್ತಿದ್ದರು. ಅಲ್ಲಿನ ವೈದ್ಯ ಎಂ.ಕೆ. ಭಾನ್ ಮತ್ತು ಅವರ ಜತೆಯವರು ಯಾಕೆ ಆಗಲಿಲ್ಲ ಅಂತ ಹಿಂದೆ ಬಿದ್ದರು. ಆ ಕೂಸುಗಳಿಗೆ ಮುಂದೆ ಜೋರಾದ ಭೇದಿ ಬರೋದೂ ಕಡಿಮೆ ಅಂತ ಕಂಡಿತು. ಆ ಸಾಧು ವೈರಸ್ಸಿನಿಂದಲೇ ಹೈದರಾಬಾದಿನ ಭಾರತ್ ಬಯೋಟೆಕ್ ಜತೆ ಸೇರಿ ಲಸಿಕೆ ಮಾಡಿದರು, ಸರ್ಕಾರಕ್ಕೆ ಒಂದು ಡೋಸಿಗೆ ಒಂದು ಡಾಲರ್. ವಾರ್ಡಿನಿಂದ ಲಸಿಕೆಗೆ ಮೂವತ್ತು ವರ್ಷ ಹಿಡೀತು. ದವಾಖಾನೆಗೂ ಸಂಶೋಧನಾ ಆಸ್ಪತ್ರೆಗೂ ಇರೋ ಫರಕು ಇದೇ, ಚೆನ್ನಾಗಿರೋ ಕೂಸನ್ನೂ ಯಾಕೆ ಅಂತ ಕೇಳೋರು ಅಲ್ಲಿರ್ತಾರೆ.

ಸೋತದ್ದನ್ನೂ ಹೇಳಬೇಕು. ಮದ್ರಾಸ್ ಹತ್ತಿರದ ಚೆಂಗಲ್ಪಟ್ಟಿನಲ್ಲಿ 1968ರಲ್ಲಿ ಶುರುವಾದ ಬಿಸಿಜಿ ಪ್ರಯೋಗ ಜಗತ್ತಿನ ಅತಿ ದೊಡ್ಡ ಲಸಿಕೆ ಪ್ರಯೋಗಗಳಲ್ಲಿ ಒಂದು. ದೊಡ್ಡವರ ಶ್ವಾಸಕೋಶದ ಟಿಬಿಯನ್ನು ಬಿಸಿಜಿ ತಡೆಯಲಿಲ್ಲ ಅಂತ ಫಲಿತಾಂಶ ಬಂತು. ಮುಚ್ಚಿಡಲಿಲ್ಲ, ಅಚ್ಚು ಹಾಕಿಸಿದರು. ನನಗೆ ಇದು ಗೆದ್ದದ್ದಕ್ಕಿಂತ ದೊಡ್ಡದು ಅನ್ನಿಸುತ್ತೆ.

ಆಯಿತು, ರೊಟ್ಟಿ. ಹಿರಿಯರು ರೊಟ್ಟಿ ಅಂದರಲ್ಲ. ಹೈದರಾಬಾದಿನ ತಾರ್ನಾಕದಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಇದೆ, 1918ರಲ್ಲಿ ಕೂನೂರಿನಲ್ಲಿ ಹುಟ್ಟಿ 1958ರಲ್ಲಿ ಹೈದರಾಬಾದಿಗೆ ಬಂದದ್ದು. ನಮ್ಮ ಈ ದಖ್ಖನ್ ಬಯಲಿನಲ್ಲಿ ಬರೀ ಜೋಳದ ಮೇಲೆ ಬದುಕೋ ಬಡವರಲ್ಲಿ ಪೆಲಾಗ್ರ ಅನ್ನೋ ಕಾಯಿಲೆ ಕಾಣ್ತಿತ್ತು. ಬಿಸಿಲು ಬಿದ್ದ ಕಡೆ ಚರ್ಮ ಸುಟ್ಟಂತೆ ಕಪ್ಪಾಗೋದು, ಕೊರಳ ಸುತ್ತ ಹಾರ ಹಾಕಿದ ಹಾಗೆ, ಜತೆಗೆ ಭೇದಿ, ಮಂಕು. ನಯಾಸಿನ್ ಅನ್ನೋ ವಿಟಮಿನ್ ಕೊರತೆ. ಜೋಳದಲ್ಲಿ ಲ್ಯೂಸಿನ್ ಅನ್ನೋ ಪ್ರೋಟೀನಿನ ಅಂಶ ಜಾಸ್ತಿ ಇರೋದು ಇದಕ್ಕೆ ಕಾರಣ ಇರಬಹುದು ಅಂತ ಆ ಸಂಸ್ಥೆಯ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಾಂತಿಯಾ 1960ರಲ್ಲಿ ಹೇಳಿದರು. ಅದರ ಮೇಲೆ ಆಮೇಲೆ ಬೇಕಾದಷ್ಟು ವಾದ ನಡೆದಿದೆ, ಅದು ಬೇರೆ. ನನಗೆ ಹಿಡಿಸಿದ್ದು, ಅವರು ಬರೆದ ಲಂಡನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ನಮ್ಮ ರೊಟ್ಟಿ ಉಣ್ಣೋರ ಕಾಯಿಲೆ ವಿಷಯ ಆಗಿತ್ತು ಅನ್ನೋದು. ರೊಟ್ಟಿ ಕೆಟ್ಟದ್ದು ಅಂತ ಅಲ್ಲ, ಬರೀ ರೊಟ್ಟಿ ಕೆಟ್ಟದ್ದು. ಶೇಂಗಾದಲ್ಲಿ ನಯಾಸಿನ್ ಚೆನ್ನಾಗಿದೆ. ಬಸ್ಸಿನಲ್ಲಿ ನಾನು ಹಿಂಡಿ ಹಚ್ಚಿಕೊಂಡು ತಿಂದದ್ದು ಸರಿಯಾಗೇ ಇತ್ತು.

ಊಟದ ವಿಷಯಕ್ಕೆ ಬಂದರೆ, ಮದ್ರಾಸ್ ಪ್ರಯೋಗ ಊಟ ಮುಖ್ಯ ಅಲ್ಲ ಅಂದಿತಲ್ಲ ಅಂತ ನೀವು ಕೇಳಬಹುದು. ಪೂರ್ತಿ ಹಾಗಲ್ಲ. ಮಾತ್ರೆ ಸರಿಯಾಗಿ ನುಂಗಿದರೆ ಮನೆ ಊಟದಲ್ಲೂ ಕಫದ ಬ್ಯಾಕ್ಟೀರಿಯಾ ಸಾಯುತ್ತೆ ಅಂತ ಅದು ಹೇಳಿತ್ತು. ಊಟದಿಂದ ಏನೂ ಆಗಲ್ಲ ಅಂತ ಹೇಳಿರಲಿಲ್ಲ. ಆದರೆ ಎಷ್ಟೋ ವರ್ಷ ನಾವೆಲ್ಲ ಹಾಗೇ ತಿಳ್ಕೊಂಡಿದ್ವಿ. ಅದನ್ನು ಮತ್ತೆ ಎತ್ತಿಕೊಂಡವರು ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ, ಜತೆಗೆ ಅದೇ ಹಳೇ ಮದ್ರಾಸ್ ಕೇಂದ್ರ, ಈಗ ಅದರ ಹೆಸರು ಬೇರೆ. 2019ರಿಂದ 2022ರವರೆಗೆ ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ 2,800 ರೋಗಿಗಳು, ಅವರ ಮನೆಯ 10,345 ಜನ. ರೋಗಿಗಳೆಲ್ಲರಿಗೂ ತಿಂಗಳಿಗೆ ಹತ್ತು ಕೆಜಿ ರೇಷನ್ನು: ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ. ಅರ್ಧ ಕಡೆ ಮನೆಯವರಿಗೂ ತಲಾ ಐದು ಕೆಜಿ ಅಕ್ಕಿ, ಒಂದೂವರೆ ಕೆಜಿ ಬೇಳೆ. ಹಾಗೆ ಕೊಟ್ಟ ಮನೆಗಳಲ್ಲಿ ಹೊಸದಾಗಿ ಟಿಬಿ ಬರೋದು ಶೇ. 39 ಕಡಿಮೆ ಆಯಿತು. ಶ್ವಾಸಕೋಶದ ಟಿಬಿ ಶೇ. 48 ಕಡಿಮೆ. ಅಕ್ಕಿ ಬೇಳೆ! ಹೈದರಾಬಾದಿನಲ್ಲಿ ಚಪ್ಪಾಳೆ ಬಿದ್ದ ಲಸಿಕೆಯೂ ಅರ್ಧ, ಇದೂ ಹತ್ತಿರ ಹತ್ತಿರ ಅರ್ಧ. ಎರಡರ ಲೆಕ್ಕ ಬೇರೆ ಬೇರೆ, ಒಂದನ್ನೊಂದು ತೂಗಬಾರದು ಅಂತ ಗೊತ್ತು. ಆದರೂ ಮನಸ್ಸು ತೂಗಿಬಿಡುತ್ತೆ.

ಅದೇ ಅಧ್ಯಯನದ ಇನ್ನೊಂದು ಸಂಗತಿ ನನ್ನ ಕೆಲಸವನ್ನೇ ಬದಲಾಯಿಸಿತು. ಮೊದಲ ಎರಡು ತಿಂಗಳಲ್ಲಿ ರೋಗಿಯ ತೂಕ ಶೇ. 5 ಏರಿದರೆ ಸಾಯೋ ಅಪಾಯ ಶೇ. 61 ಕಡಿಮೆ. ಇದನ್ನು ಓದೋವರೆಗೆ ನಮ್ಮಲ್ಲಿ ತೂಕ ಅಂದ್ರೆ ಫಾರಂ ತುಂಬೋ ಒಂದು ಖಾನೆ. ಕಣ್ಣಂದಾಜಲ್ಲಿ "45" ಅಂತ ಬರೆದು ಮುಂದೆ ಹೋಗೋದು. ನಾನೂ ಬರೆದಿದ್ದೇನೆ, ಸುಳ್ಳು ಯಾಕೆ ಹೇಳಲಿ.

ದೊಡ್ಡ ಸಮ್ಮೇಳನಗಳು ಈಗಲೂ ನಡೀತಿವೆ. 2023ರಲ್ಲಿ ಗಾಂಧಿನಗರದಲ್ಲಿ ಜಿ20 ಆರೋಗ್ಯ ಮಂತ್ರಿಗಳು ಸೇರಿದರು, ಜತೆಗೇ ಸಾಂಪ್ರದಾಯಿಕ ವೈದ್ಯದ ಮೊದಲ ಜಾಗತಿಕ ಶೃಂಗಸಭೆ ಆಯಿತು. 2024ರ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ಜಗತ್ತಿನ ಔಷಧ ನಿಯಂತ್ರಕರ ಸಮ್ಮೇಳನ, ಭಾರತದಲ್ಲಿ ಅದೇ ಮೊದಲು. ಅದಕ್ಕೆ ಎರಡು ವರ್ಷ ಮೊದಲು ಗ್ಯಾಂಬಿಯಾದ ಮಕ್ಕಳ ಸಾವಿನ ಹಿನ್ನೆಲೆಯಲ್ಲಿ ಭಾರತದಲ್ಲಿ ತಯಾರಾದ ಕೆಮ್ಮಿನ ಸಿರಪ್ಪುಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ಕೊಟ್ಟಿತ್ತು. ಮನೆಗೆ ನೆಂಟರನ್ನು ಕರೆಯೋದು ಒಳ್ಳೇದೇ, ಅಡಿಗೆಮನೆ ಗುಡಿಸಿರಬೇಕು. ಇಷ್ಟೇ ಹೇಳ್ತೀನಿ, ಇದು ನನ್ನ ಹೊಲ ಅಲ್ಲ.

ಸಮ್ಮೇಳನ ರಾಯಚೂರಿಗೂ ಬರಲಿ ಅಂತ ನಾನು ಕೇಳ್ತಿಲ್ಲ. ಮೇ ತಿಂಗಳ ನಮ್ಮ ಬಿಸಿಲಿಗೆ ಬಂದರೆ ಮೊದಲ ದಿನವೇ ಅವರಿಗೆ ಮಹಲನಬಿಸ್ ಅವರ ನೀರು ಕುಡಿಸಬೇಕಾಗುತ್ತೆ. ಪ್ರಶ್ನೆಗಳು ಇಲ್ಲಿಂದ ಹೋಗಲಿ ಅನ್ನೋದಷ್ಟೇ. ಗುಳೆ ಹೋದವರ ಮಾತ್ರೆ ಎಲ್ಲಿ ತಪ್ಪುತ್ತೆ, ಯಾವ ಬಸ್ ಸ್ಟ್ಯಾಂಡಿನಲ್ಲಿ? ಫ್ಲೋರೈಡ್ ನೀರು ಕುಡಿದು ಹಲ್ಲು, ಮೂಳೆ ಹೋದ ಊರುಗಳಲ್ಲಿ ಶುದ್ಧ ನೀರಿನ ಘಟಕ ಬಂದ ಮೇಲೆ ಹುಟ್ಟಿದ ಮಕ್ಕಳ ಹಲ್ಲು ಹೇಗಿದೆ? ಇದಕ್ಕೆಲ್ಲ ಇಲ್ಲೇ ಕೂತು ಇಪ್ಪತ್ತು ಮೂವತ್ತು ವರ್ಷ ನೋಡೋರು ಬೇಕು. ಒಂದು ದಿನ ಬಂದು ಫೋಟೋ ತೆಗೆದುಕೊಂಡು ಹೋಗೋರಿಂದ ಆಗಲ್ಲ. ಆ ಬೋರ್ಡಿನ ಮೇಲೆ ಏಮ್ಸ್ ಅಂತ ಇರಲಿ, ಬೇರೆ ಏನಾದರೂ ಇರಲಿ, ನನಗೆ ತಕರಾರಿಲ್ಲ.

ಹೋದ ತಿಂಗಳು ಒಬ್ಬ ಹೆಣ್ಣುಮಗಳಿಗೆ ಟಿಬಿ ಅಂತ ಬಂತು. ಗದ್ದೆ ಕೆಲಸಕ್ಕೆ ಹೋಗೋಳು. ಬಾಗಿಲ ಹೊರಗೇ ನಿಂತು, "ಅಣ್ಣಾ, ಮನಿಯಾಗ ತಾಟು ಬ್ಯಾರೆ ಇಡ್ಲೇನ್ರಿ?" ಅಂತ ಕೇಳಿದಳು. ಬೇಡವ್ವ ಅಂದೆ. ಕೆಮ್ಮುವಾಗ ಬಾಯಿಗೆ ಬಟ್ಟೆ ಇಟ್ಕೋ, ಮಾತ್ರೆ ಒಂದಿನಾನೂ ಬಿಡಬ್ಯಾಡ, ತಾಟು ಎಲ್ಲರದ್ದೂ ಒಂದೇ ಕಡೆ ಇರಲಿ ಅಂದೆ. ನಂಬಿದಂಗೆ ಕಾಣಲಿಲ್ಲ. ಅತ್ತೆಯನ್ನೂ ಕರ್ಕೊಂಡು ಬಾ, ಅವರಿಗೂ ನಾನೇ ಹೇಳ್ತೀನಿ ಅಂದೆ. ಸರ್ಕಾರದಿಂದ ಊಟಕ್ಕೆ ತಿಂಗಳಿಗೆ ಸಾವಿರ ರೂಪಾಯಿ ಬರುತ್ತೆ, 2024ರ ನವೆಂಬರಿಗೆ ಮೊದಲು ಐನೂರಿತ್ತು. ಅದು ಅವಳ ಖಾತೆಗೆ ಬಂದರೂ ಅವಳ ಹೊಟ್ಟೆಗೆ ಬರುತ್ತಾ ಅನ್ನೋದು ಬೇರೆ ಮಾತು, ಅದಕ್ಕೂ ಅತ್ತೆ ಬರಬೇಕು.

ಆವತ್ತು ಅವಳ ತೂಕ 38 ಕೆಜಿ, ಚಪ್ಪಲಿ ತೆಗೆಸಿ ನಿಲ್ಲಿಸಿದ್ದು. ಶೇ. 5 ಅಂದ್ರೆ 39.9. ಲ್ಯಾಬಿನ ಗೋಡೆ ಮೇಲಿನ ಕ್ಯಾಲೆಂಡರಿನಲ್ಲಿ ಎರಡು ತಿಂಗಳು ಮುಗಿಯೋ ದಿನಕ್ಕೆ ಪೆನ್ಸಿಲ್‌ನಿಂದ 39.9 ಅಂತ ಬರೆದಿದ್ದೇನೆ. ನಾಳೆ ಗುರುವಾರ, ಮೊದಲ ತಿಂಗಳ ತೂಕಕ್ಕೆ ಅವಳು ಬರಬೇಕು. ತೂಕದ ಯಂತ್ರದ ಸೆಲ್ ಹೋಗಿದೆ, ಬೆಳಿಗ್ಗೆ ಬಸ್ ಸ್ಟ್ಯಾಂಡ್ ಹತ್ತಿರ ಅಂಗಡಿ ತೆಗೆದ ಕೂಡಲೇ ತಗೊಂಡು ಹೋಗಬೇಕು.